ಬೈಂಡಿಂಗ್ ಕೈಕೊಟ್ಟರೆ ಮೊದಲು ತೂತು ನೋಡಿ

ಹ್ಯಾಂಡಲ್ ಇಳಿಯದಿದ್ದರೆ ಮಷಿನ್ ಕೆಟ್ಟಿದೆ. ಸ್ಪೈರಲ್ ಅರ್ಧಕ್ಕೆ ನಿಂತರೆ ಮಷಿನ್ ಕೆಟ್ಟಿದೆ. ಬಾಸ್ ಕೈಯಲ್ಲಿ ರಿಪೋರ್ಟಿನ ಹಾಳೆ ಕಿತ್ತು ಬಂದರೂ ಮಷಿನ್ನೇ ಕೆಟ್ಟಿದೆ. ಬೆಂಗಳೂರಿನ ಯಾವ ಆಫೀಸಿಗೆ ಹೋದರೂ ಇದೇ ಮಾತು. ನಿಜವಾಗಿ ಕೆಟ್ಟ ಮಷಿನ್ ಕಡಿಮೆ. ದೋಷ ಇರುವುದು ಹೆಚ್ಚಾಗಿ ಹಾಳೆಯಲ್ಲಿ, ಒಂದು ಸಲಕ್ಕೆ ಹಾಕಿದ ಹಾಳೆಗಳ ಲೆಕ್ಕದಲ್ಲಿ, ಇಲ್ಲವೇ ಅಂಗಡಿಯಿಂದ ತಂದ ರಿಂಗಿನ ಸೈಜಿನಲ್ಲಿ. ಅದನ್ನು ಪತ್ತೆ ಮಾಡಲು ಸ್ಕ್ರೂ ಬಿಚ್ಚುವುದೇನೂ ಬೇಡ. ತೂತು ನೋಡಿದರೆ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಇಲ್ಲಿ ಹೇಳಿರುವುದು ಆಫೀಸಿನಲ್ಲೇ ಬೇಗ ಮುಗಿಯುವ ಬೈಂಡಿಂಗ್ ಬಗ್ಗೆ: ಪ್ಲಾಸ್ಟಿಕ್ ಕೋಂಬ್ (ಬಾಚಣಿಗೆಯ ಹಾಗೆ ಹಲ್ಲಿರುವ ಪಟ್ಟಿ), ಸ್ಪೈರಲ್ (ತೂತಿನಲ್ಲಿ ತಿರುಗಿಸಿ ತೂರಿಸುವ ಸುರುಳಿ), ವೈರೋ (ಒತ್ತಿ ಮುಚ್ಚುವ ತಂತಿಯ ರಿಂಗು), ಥರ್ಮಲ್ (ಬೆನ್ನಿನಲ್ಲಿ ಬಿಸಿಗೆ ಕರಗುವ ಅಂಟಿರುವ ಕವರ್), ಕೊನೆಗೆ ಸ್ಟೇಪ್ಲರ್ ಮತ್ತು ಟ್ಯಾಗ್. ರಟ್ಟು ಹಾಕಿ, ಹೊಲಿದು, ಅಂಟು ಹಚ್ಚಿ ಮಾಡುವ ಗಟ್ಟಿ ಬೈಂಡಿಂಗ್ ಬೇರೆ ಕಸುಬು. ಅದಕ್ಕೆ ಬೈಂಡರ್ ಹತ್ತಿರವೇ ಹೋಗಬೇಕು.

ಒಂದು ಹಾಳೆಯ ಪರೀಕ್ಷೆ

ಮಷಿನ್‌ನಲ್ಲಿರುವುದನ್ನೆಲ್ಲ ತೆಗೆಯಿರಿ. ಒಂದೇ ಒಂದು ಹೊಸ ಎ4 ಹಾಳೆ ಹಾಕಿ. ಪಕ್ಕದ ಗೈಡ್‌ಗೆ, ಅಂದರೆ ಹಾಳೆಯ ತುದಿ ನಿಲ್ಲಿಸುವ ತಡೆಗೆ, ತಾಗಿಸಿ ಪಂಚ್ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಆಮೇಲೆ ಐದು ಹಾಳೆ ಹಾಕಿ. ಆಮೇಲೆ ಮಷಿನ್ ಡಬ್ಬದ ಮೇಲೆ ಬರೆದಷ್ಟು ಹಾಕಿ. ಪ್ರತಿ ಸಲವೂ ಕಟ್ಟಿನ ಕೆಳಗಿನ ಹಾಳೆಯನ್ನು ನೋಡಿ. ಮೇಲಿನ ಹಾಳೆ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನಂಬಬೇಡಿ.

ಒಂದು ಹಾಳೆಯಲ್ಲಿ ತೂತು ಸರಿ ಬಂದು ಹತ್ತರಲ್ಲಿ ಕೆಟ್ಟರೆ ಮಷಿನ್ ಚೆನ್ನಾಗಿದೆ, ನೀವು ಜಾಸ್ತಿ ತುರುಕುತ್ತಿದ್ದೀರಿ ಅಂತ ಅರ್ಥ. ಒಂದು ಹಾಳೆಯಲ್ಲೇ ಕೆಟ್ಟರೆ ಮಾತ್ರ ಮಷಿನ್ ಕಡೆ ನೋಡಬೇಕು. ಈ ಒಂದು ಪರೀಕ್ಷೆ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡುವುದು ಸುಮ್ನೆ ದುಡ್ಡು ದಂಡ.

ಈಗ ತೂತು ಏನು ಹೇಳುತ್ತಿದೆ ನೋಡೋಣ.

ಸಾಲಿನಲ್ಲಿ ಒಂದೆರಡು ತೂತು ಬಿದ್ದೇ ಇಲ್ಲ. ಮೊದಲ ಅನುಮಾನ ಕಾಗದದ ಚೂರಿನ ಮೇಲೆ. ಕೆಳಗಿನ ಟ್ರೇ ತುಂಬಿದರೆ ಚೂರುಗಳು ಮೇಲಕ್ಕೆ ಒತ್ತಿಕೊಂಡು ಡೈ (ತೂತು ಮಾಡುವ ಪಿನ್ನುಗಳು ಇಳಿಯುವ ಲೋಹದ ಅಚ್ಚು) ಒಳಗೇ ಗಟ್ಟಿಯಾಗುತ್ತವೆ. ಟ್ರೇ ಖಾಲಿ ಮಾಡಿ. ಹಳೆಯ ಟೂತ್‌ಬ್ರಷ್‌ನಿಂದ ಕೆಳಗಿನಿಂದ ಉಜ್ಜಿ. ಸಿಕ್ಕಿಕೊಂಡ ಚೂರನ್ನು ಊದುಬತ್ತಿ ಕಡ್ಡಿಯಿಂದ ತಳ್ಳಿ. ಸೂಜಿ, ಸ್ಕ್ರೂಡ್ರೈವರ್ ಬೇಡ, ಡೈ ಅಂಚಿಗೆ ಗೀರು ಬಿದ್ದರೆ ಅದು ಶಾಶ್ವತ. ಸ್ವಚ್ಛ ಮಾಡಿದ ಮೇಲೂ ಅದೇ ಜಾಗದಲ್ಲಿ ತೂತು ಬೀಳದಿದ್ದರೆ ಆ ಪಿನ್ನಿನ ಗುಂಡಿ ನೋಡಿ. ಸ್ವಲ್ಪ ದೊಡ್ಡ ಮಷಿನ್‌ಗಳಲ್ಲಿ ಬೇಡದ ತೂತನ್ನು ನಿಲ್ಲಿಸಲು ಪಿನ್ನನ್ನು ಹೊರಗೆ ಎಳೆಯುವ ಗುಂಡಿ ಇರುತ್ತದೆ. ಹಿಂದಿನವರು ಯಾವುದೋ ಸಣ್ಣ ಪುಸ್ತಕಕ್ಕೆ ಎಳೆದು ಹಾಗೇ ಬಿಟ್ಟಿರುತ್ತಾರೆ. ಅದೂ ಸರಿ ಇದ್ದರೆ ಪಿನ್ ಮುರಿದಿದೆ.

ತೂತು ಬಿದ್ದಿದೆ, ಆದರೆ ಚೂರು ಒಂದು ಕಡೆ ನೇತಾಡುತ್ತಿದೆ. ಕೆಳಗಿನ ಹಾಳೆಯಲ್ಲಿ ಮಾತ್ರ ಹೀಗಾದರೆ ಹಾಳೆ ಜಾಸ್ತಿಯಾಗಿದೆ, ಇಲ್ಲವೇ ಕಾಗದ ತೇವ ಎಳೆದುಕೊಂಡಿದೆ. ಒಂದೇ ಹಾಳೆ ಹಾಕಿದಾಗಲೂ ಎಲ್ಲ ತೂತಿನಲ್ಲೂ ಹೀಗೇ ಆದರೆ ಪಿನ್ನು, ಡೈ ಸವೆದಿವೆ. ಮೇಣದ ಕಾಗದವನ್ನು ನಾಲ್ಕಾರು ಸಲ ಪಂಚ್ ಮಾಡಿದರೆ ಜಿಡ್ಡು ಹಿಡಿದ ಪಿನ್ನು ಸಲೀಸಾಗುತ್ತದೆ. ಸವೆದ ಪಿನ್ನು ಇದರಿಂದ ಹರಿತವಾಗುವುದಿಲ್ಲ.

ಅಂಚಿನಲ್ಲಿ ಅರ್ಧ ತೂತು. ಕೋಂಬ್ ಮಷಿನ್‌ನಲ್ಲಿ ಇದು ಬಹಳ ಸಾಮಾನ್ಯ. ಕಾರಣ ಲೆಕ್ಕದಲ್ಲಿದೆ. ಎ4 ಹಾಳೆಯ ಉದ್ದ 297 ಮಿಮೀ. ಕೋಂಬ್‌ಗೆ 21 ತೂತು, ಒಂದರಿಂದ ಇನ್ನೊಂದಕ್ಕೆ ಸುಮಾರು 14.3 ಮಿಮೀ, ಪ್ರತಿ ತೂತಿನ ಅಗಲ ಸುಮಾರು 8 ಮಿಮೀ. 21 ತೂತಿಗೆ 20 ಅಂತರ, ಅದಕ್ಕೆ ಒಂದು ತೂತಿನ ಅಗಲ ಕೂಡಿಸಿದರೆ 294 ಆಯಿತು. ಎರಡು ತುದಿಗೂ ಸೇರಿ ಉಳಿಯುವ ಜಾಗ 3 ಮಿಮೀ, ಅಂದರೆ ಒಂದೊಂದು ಕಡೆ ಒಂದೂವರೆ. ಪಕ್ಕದ ಗೈಡ್ ಅಷ್ಟು ಜರುಗಿದರೂ ಸಾಕು, ಕೊನೆಯ ತೂತು ಅಂಚು ಹರಿದುಕೊಂಡು ಹೊರಗೆ ಹೋಗುತ್ತದೆ. ಗೈಡ್ ಸ್ಕ್ರೂ ಸಡಿಲಿಸಿ, ಒಂದೊಂದೇ ಹಾಳೆ ಹಾಕುತ್ತಾ ಎರಡು ತುದಿಯೂ ಸಮ ಬರುವವರೆಗೆ ಸರಿಸಿ, ಆಮೇಲೆ ಬಿಗಿ ಮಾಡಿ. ಬಿಗಿ ಮಾಡುವಾಗಲೇ ಅದು ಮತ್ತೆ ಜರುಗುತ್ತದೆ, ಆದ್ದರಿಂದ ಆಮೇಲೂ ಒಂದು ಹಾಳೆ ಹಾಕಿ ನೋಡಿ. ಅಮೆರಿಕದ ಲೆಟರ್ ಸೈಜ್ ಹಾಳೆಗೆ 19 ತೂತು ಸಾಕು. ಅಲ್ಲಿನ ಕಂಪನಿಗೆ ಕೆಲಸ ಮಾಡುವ ಆಫೀಸುಗಳಲ್ಲಿ ಎರಡು ಸೈಜೂ ಬೆರೆತು, ಇದೇ ತೊಂದರೆ ದಿನಾ ಬರುತ್ತದೆ.

ತೂತಿನ ಸಾಲು ಓರೆಯಾಗಿದ್ದರೆ ಮಷಿನ್ ಬೈಯಬೇಡಿ. ಕಟ್ಟನ್ನು ಮೇಜಿಗೆ ಕುಟ್ಟಿ ಸಮ ಮಾಡದೆ ಹಾಕಿದ್ದೀರಿ, ಅಷ್ಟೇ.

ಹ್ಯಾಂಡಲ್ ಸಿಕ್ಕಿಕೊಂಡಾಗ

ಜೋರು ಮಾಡಬೇಡಿ. ಇಬ್ಬರು ಸೇರಿ ತೂಗುವುದಂತೂ ಬೇಡವೇ ಬೇಡ. ಪಿನ್ನು ಬಾಗುವುದು, ಹ್ಯಾಂಡಲ್ ಬುಡದ ಗೇರ್ ಹಲ್ಲು ಮುರಿಯುವುದು ಆಗಲೇ. ಹ್ಯಾಂಡಲನ್ನು ಬಂದ ದಾರಿಯಲ್ಲೇ ಮೆಲ್ಲಗೆ ಹಿಂದಕ್ಕೆ ಎತ್ತಿ. ಹಾಳೆಗಳನ್ನು ನೇರವಾಗಿ ಹೊರಗೆಳೆಯಿರಿ, ತಿರುಚಬೇಡಿ. ಬರದಿದ್ದರೆ ಮೇಲಿನಿಂದ ಒಂದೊಂದೇ ಹಾಳೆ ಹರಿದು ತೆಗೆಯಿರಿ. ಹೋಗುವುದು ನಾಲ್ಕು ಹಾಳೆ, ಮತ್ತೆ ಪ್ರಿಂಟ್ ತೆಗೆದರಾಯಿತು.

ಆಮೇಲೆ ಆ ಹಾಳೆಗಳಲ್ಲಿ ಸ್ಟೇಪ್ಲರ್ ಪಿನ್ ಇತ್ತಾ ನೋಡಿ. ಜೆರಾಕ್ಸ್ ಅಂಗಡಿಯಿಂದ ಬಂದ ಪ್ರತಿಗಳ ಮೂಲೆಯಲ್ಲಿ ಪಿನ್ ಇದ್ದೇ ಇರುತ್ತದೆ. ಅದನ್ನು ಕೀಳದೆ ಪಂಚ್ ಮಾಡಿದರೆ ಡೈ ಅಂಚಿಗೇ ಪೆಟ್ಟು. ನಾನು ಕಂಡ ಹಾಳಾದ ಡೈಗಳಲ್ಲಿ ಹೆಚ್ಚಿನವು ಹಾಳಾಗಿದ್ದು ಹೀಗೆ, ಸವೆದು ಅಲ್ಲ.

ಎರಡನೆಯ ಕಾರಣ ಕವರ್. ಮೇಲೆ ಹಾಕುವ ಪಾರದರ್ಶಕ ಶೀಟನ್ನು ಎಲ್ಲರೂ ಓಎಚ್‌ಪಿ ಶೀಟ್ ಅನ್ನುತ್ತಾರೆ. ಅದು ಕಾಗದದ ಹಾಗೆ ಕತ್ತರಿಸುವುದಿಲ್ಲ, ಎಳೆದುಕೊಳ್ಳುತ್ತದೆ. ಒಂದು ಸಲಕ್ಕೆ ಒಂದು, ತೀರಾ ತೆಳುವಾಗಿದ್ದರೆ ಎರಡು. ಅದರ ಮೇಲೊಂದು, ಕೆಳಗೊಂದು ರದ್ದಿ ಹಾಳೆ ಇಟ್ಟು ಪಂಚ್ ಮಾಡಿದರೆ ತೂತು ನೀಟಾಗಿ ಬರುತ್ತದೆ.

ಮೂರನೆಯದು ಹಾಳೆಯ ಲೆಕ್ಕ. ಮೇಜಿನ ಮೇಲಿಡುವ ಸಣ್ಣ ಮಷಿನ್‌ಗಳು ಸಾಮಾನ್ಯವಾಗಿ 10ರಿಂದ 12 ಹಾಳೆ ತೆಗೆದುಕೊಳ್ಳುತ್ತವೆ. ಅದು ಹೊಸ ಮಷಿನ್‌ಗೆ, ಮಾಮೂಲಿ 70-80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಹಾಳೆಗೆ ಹೇಳಿದ ಲೆಕ್ಕ. 100 ಜಿಎಸ್‌ಎಂ ಬಾಂಡ್ ಪೇಪರ್ ಆದರೆ ಆ ಲೆಕ್ಕ ನಡೆಯುವುದಿಲ್ಲ. ನನ್ನ ಮಟ್ಟಿಗೆ ಡಬ್ಬದ ಮೇಲಿನ ಲೆಕ್ಕದಲ್ಲಿ ಮೂರನೇ ಎರಡು ಪಾಲು ಹಾಕುವುದೇ ಸರಿ. 12 ಬರೆದಿದ್ದರೆ 8 ಹಾಕಿ. ಎರಡು ಸಲ ಜಾಸ್ತಿ ಪಂಚ್ ಮಾಡಬೇಕಾಗಬಹುದು, ಆದರೆ ಕೈಯೂ ನೋಯುವುದಿಲ್ಲ.

ಎಲ್ಲ ಸರಿ ಇದ್ದೂ ಹ್ಯಾಂಡಲ್ ಬಿಗಿಯಾಗಿದ್ದರೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ಹನಿ ಪಿನ್ನುಗಳಿಗೆ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಧೂಳು ಹಿಡಿಯುತ್ತದೆ. ಎಣ್ಣೆ ಬಿಟ್ಟ ಮೇಲೆ ಹತ್ತಿಪ್ಪತ್ತು ರದ್ದಿ ಹಾಳೆ ಪಂಚ್ ಮಾಡಿ. ಇಲ್ಲದಿದ್ದರೆ ಮೊದಲ ರಿಪೋರ್ಟಿನ ಪ್ರತಿ ತೂತಿಗೂ ಎಣ್ಣೆ ಬೊಟ್ಟು ಇರುತ್ತದೆ.

ಕರೆಂಟ್‌ನಿಂದ ಓಡುವ ಮಷಿನ್ ನಡುವೆ ನಿಂತರೆ ಮೊದಲು ಟ್ರೇ ಒಳಗೆ ಪೂರ್ತಿ ಕೂತಿದೆಯಾ ನೋಡಿ. ಕೆಲವು ಮಷಿನ್ ಟ್ರೇ ಸರಿಯಾಗಿ ಕೂರದಿದ್ದರೆ ಓಡುವುದೇ ಇಲ್ಲ. ಬಿಡದೆ ಓಡಿಸಿದ್ದರೆ ಮೋಟಾರ್ ಕಾದು ತಾನೇ ನಿಂತಿರಬಹುದು. ಅರ್ಧ ಗಂಟೆ ಬಿಟ್ಟು ನೋಡಿ.

ಹಾಳೆ ಕಿತ್ತು ಬರುತ್ತಿದ್ದರೆ, ತಿರುಗದಿದ್ದರೆ

ಇವೆರಡೂ ಒಂದೇ ದೋಷದ ಎರಡು ಮುಖ. ಅಂಚಿನಿಂದ ತೂತು ಎಷ್ಟು ಒಳಗಿದೆ ಅನ್ನುವುದೇ ವಿಷಯ. ಕೋಂಬ್ ಮಷಿನ್‌ನಲ್ಲಿ ಇದಕ್ಕೊಂದು ಗುಂಡಿ ಅಥವಾ ಪಟ್ಟಿ ಇರುತ್ತದೆ. ಸುಮಾರು ಎರಡೂವರೆ ಮಿಮೀನಿಂದ 6 ಮಿಮೀ ತನಕ ಸರಿಸಬಹುದು. ಅದು ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಣ್ಣ ಕೋಂಬ್‌ಗೆ ತೂತು ಅಂಚಿನ ಹತ್ತಿರ ಇರಬೇಕು, ಇಲ್ಲದಿದ್ದರೆ ಹಾಳೆ ತಿರುಗುವುದಿಲ್ಲ. ದೊಡ್ಡ ಕೋಂಬ್‌ಗೆ ಒಳಗಿರಬೇಕು, ಇಲ್ಲದಿದ್ದರೆ ದಪ್ಪ ಕಟ್ಟಿನ ಭಾರಕ್ಕೆ ಅಂಚು ಹರಿಯುತ್ತದೆ. ಹಿಂದಿನ ವಾರ ಯಾರೋ 300 ಹಾಳೆಯ ಪುಸ್ತಕಕ್ಕೆ ಇಟ್ಟ ಗುರುತಿನಲ್ಲೇ ಇವತ್ತು 20 ಹಾಳೆಯ ರಿಪೋರ್ಟ್ ಪಂಚ್ ಆದರೆ ಅದು ಬಿಚ್ಚಿಕೊಳ್ಳುವುದೇ ಇಲ್ಲ.

ಇನ್ನೊಂದು ಕಾರಣ ರಿಂಗಿನ ಸೈಜು. ಕಣ್ಣಳತೆ ನಂಬಬೇಡಿ. 75-80 ಜಿಎಸ್‌ಎಂ ಹಾಳೆ 100 ಸೇರಿದರೆ ಸುಮಾರು 1 ಸೆಂಮೀ ದಪ್ಪ. 500 ಹಾಳೆಯ ಒಂದು ಪ್ಯಾಕೆಟ್ ಸುಮಾರು 5 ಸೆಂಮೀ, ಸ್ಕೇಲ್ ಇಟ್ಟು ನೋಡಬಹುದು. ನಿಮ್ಮ ಕಟ್ಟನ್ನು ಬೆರಳಲ್ಲಿ ಒತ್ತಿ ಅಳೆಯಿರಿ, ಅದಕ್ಕೆ 3 ಮಿಮೀ ಸೇರಿಸಿ, ಆ ಸೈಜಿನ ರಿಂಗ್ ತನ್ನಿ. ದಪ್ಪ ಪುಸ್ತಕವಾದರೆ 5 ಮಿಮೀ ಸೇರಿಸಿ. 100 ಹಾಳೆಗೆ 10 ಮಿಮೀ ಕೋಂಬ್ ತಂದರೆ ಹಾಳೆ ತಿರುಗಿಸಿದಾಗಲೆಲ್ಲ ಹಲ್ಲು ಬಾಯಿ ಬಿಡುತ್ತದೆ. 14 ಬೇಕು. ಕೋಂಬ್ 51 ಮಿಮೀ ತನಕ ಸಿಗುತ್ತದೆ, ಅದರಲ್ಲಿ 500 ಹಾಳೆ ಹಿಡಿಯುತ್ತದೆ ಅನ್ನುತ್ತಾರೆ. ಹಿಡಿಯುತ್ತದೆ, ಆದರೆ ಅಂಥ ಪುಸ್ತಕ ಎತ್ತಿದರೆ ನಡು ಜೋಲುತ್ತದೆ. 300 ದಾಟಿದರೆ ಎರಡು ಸಂಪುಟ ಮಾಡುವುದು ವಾಸಿ.

ಕೋಂಬ್ ತಾನಾಗಿಯೇ ಬಾಯಿ ಬಿಡುತ್ತಿದ್ದರೆ ಬಿಸಿಲಿಗೆ ಸಿಕ್ಕಿದೆಯಾ ವಿಚಾರಿಸಿ. ಅದು ಪಿವಿಸಿ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಮೆತ್ತಗಾಗಿ ಸುರುಳಿಯ ಬಿಗಿ ಹೋಗುತ್ತದೆ. ಹೋದ ಬಿಗಿ ವಾಪಸ್ ಬರುವುದಿಲ್ಲ, ಕೋಂಬ್ ಬದಲಾಯಿಸಬೇಕು.

ಸ್ಪೈರಲ್ ಎಲ್ಲಿ ನಿಲ್ಲುತ್ತದೆ ಗಮನಿಸಿ

ಮೂರು ನಾಲ್ಕು ಸುತ್ತಿಗೇ ನಿಂತರೆ ಸುರುಳಿಯ ಅಂತರವೂ ತೂತಿನ ಅಂತರವೂ ಬೇರೆ ಬೇರೆ. ಸಾಮಾನ್ಯವಾಗಿ ಇಂಚಿಗೆ 4 ತೂತು, ಅಂದರೆ 6.35 ಮಿಮೀ ಅಂತರ. 5 ಮಿಮೀ ಅಂತರದ ಸುರುಳಿಯೂ ಮಾರುಕಟ್ಟೆಯಲ್ಲಿದೆ. ಸುತ್ತಿಗೆ ಒಂದು ಮಿಮೀಗಿಂತ ಹೆಚ್ಚು ತಪ್ಪಿದರೆ ನಾಲ್ಕನೇ ಸುತ್ತಿಗೆ ತುದಿ ಎರಡು ತೂತಿನ ನಡುವೆ ಬಂದು ನಿಲ್ಲುತ್ತದೆ. ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆ ಕಡೆ ಸುರುಳಿ ತರಲು ಹೋಗುವಾಗ ಪಂಚ್ ಮಾಡಿದ ಒಂದು ಹಾಳೆ ಜೇಬಲ್ಲಿರಲಿ. ಅಂಗಡಿಯಲ್ಲೇ ಒಂದು ಸುರುಳಿ ಹಾಳೆಯ ಮೇಲಿಟ್ಟು ನೋಡಬಹುದು.

ಅರ್ಧ ದಾರಿಯಲ್ಲಿ ನಿಂತರೆ ಅಂತರ ಸರಿ ಇದೆ, ಕಟ್ಟು ಸರಿ ಇಲ್ಲ. ಬೇರೆ ಬೇರೆ ಸಲ ಪಂಚ್ ಮಾಡಿದ ಹಾಳೆಗಳು ಒಂದೆಳೆ ಆಚೀಚೆ ಆಗಿವೆ. ಎರಡು ತುದಿಯ ತೂತಿನಲ್ಲೂ ಒಂದೊಂದು ಪೆನ್ನಿನ ರೀಫಿಲ್ ತೂರಿಸಿ ಸಾಲು ಮಾಡಿ, ಕ್ಲಿಪ್ ಹಾಕಿ. ದಪ್ಪ ಕಟ್ಟಾದರೆ ಬೆನ್ನನ್ನು ಸ್ವಲ್ಪ ಓರೆಯಾಗಿ ತಳ್ಳಿ, ಸುರುಳಿ ಗೋಲಾಗಿ ತಿರುಗಲು ತೂತುಗಳೂ ಆ ಬಾಗಿಗೆ ಬರಬೇಕು. ಜೆರಾಕ್ಸ್ ಅಂಗಡಿಯ ಹುಡುಗರು ಇದನ್ನು ನೋಡದೆಯೇ ಮಾಡುತ್ತಾರೆ. ಕೈ ಹೆಬ್ಬೆರಳಿನಿಂದ ಬೆನ್ನನ್ನು ಒಂದು ಸಲ ಸವರಿಬಿಡುತ್ತದೆ, ಅಷ್ಟೇ.

ಕಟ್ಟಿದ ಮೇಲೆ ಸುರುಳಿ ತಾನೇ ತಿರುಗುತ್ತಾ ಹೊರಗೆ ಬರುತ್ತಿದ್ದರೆ ತುದಿ ಮಡಚಿಲ್ಲ. ಕೊನೆಯ ತೂತಿನಿಂದ ಸ್ವಲ್ಪ ಬಿಟ್ಟು ಕತ್ತರಿಸಿ, ತುದಿಯನ್ನು ಇಕ್ಕಳದಿಂದ ಒಳಕ್ಕೆ ಬಗ್ಗಿಸಿ. ಎರಡು ತುದಿಗೂ ಇದು ಬೇಕು.

ವೈರೋ

ಇದರಲ್ಲಿ ಆಗುವ ದೊಡ್ಡ ತಪ್ಪು ತೂತಿನ ಲೆಕ್ಕದ್ದೇ. ಸಣ್ಣ ವೈರ್‌ಗೆ ಇಂಚಿಗೆ 3 ತೂತು, ದೊಡ್ಡದಕ್ಕೆ ಇಂಚಿಗೆ 2. ಸಾಮಾನ್ಯವಾಗಿ 14.3 ಮಿಮೀ ತನಕ ಮೂರರ ಲೆಕ್ಕ, ಸುಮಾರು 120 ಹಾಳೆ ಹಿಡಿಯುತ್ತದೆ. 16 ಮಿಮೀನಿಂದ ಮೇಲೆ ಎರಡರ ಲೆಕ್ಕ. 130 ಹಾಳೆಯನ್ನು ಮೂರರ ಮಷಿನ್‌ನಲ್ಲಿ ಪಂಚ್ ಮಾಡಿ 16 ಮಿಮೀ ವೈರ್ ತಂದರೆ ಹಲ್ಲು ತೂತಿಗೆ ಹೊಂದುವುದೇ ಇಲ್ಲ. ಮೊದಲು ವೈರ್ ಯಾವುದು ಅಂತ ತೀರ್ಮಾನ ಮಾಡಿ, ಆಮೇಲೆ ಪಂಚ್ ಮಾಡಿ.

ಹಾಳೆ ಜಾರಿ ಹೊರಬರುತ್ತಿದ್ದರೆ ವೈರ್ ಪೂರ್ತಿ ಮುಚ್ಚಿಲ್ಲ. ಮುಚ್ಚಿದ ಜಾಗದಲ್ಲಿ ಒಂದು ಹಾಳೆಯ ಅಂಚು ತೂರಿಸಿ ನೋಡಿ, ತೂರಿದರೆ ಇನ್ನೊಂದು ಸಲ ಒತ್ತಬೇಕು. ರಿಂಗ್ ಚಪ್ಪಟೆಯಾಗಿ ಹಾಳೆ ತಿರುಗದಿದ್ದರೆ ಜಾಸ್ತಿ ಒತ್ತಿದ್ದೀರಿ. ವೈರ್ ಸೈಜಿಗೆ ತಕ್ಕಂತೆ ಗುಂಡಿ ತಿರುಗಿಸದೆ ಒತ್ತಿದರೆ ಹೀಗಾಗುತ್ತದೆ. ಆ ವೈರ್ ಕತ್ತರಿಸಿ ಎಸೆಯಬೇಕು, ಬಿಚ್ಚಿ ಮತ್ತೆ ಬಳಸಲು ಆಗುವುದಿಲ್ಲ. ಇನ್ನೊಂದು ಕಿವಿಮಾತು: ಹಿಂದಿನ ಕವರನ್ನು ಮೊದಲೇ ಮುಂದಿನ ಕವರಿನ ಮೇಲೆ ಇಟ್ಟು ಮುಚ್ಚಿ. ಆಮೇಲೆ ಅದನ್ನು ತಿರುಗಿಸಿ ಹಿಂದಕ್ಕೆ ಹಾಕಿದರೆ ವೈರಿನ ಸಂದು ಒಳಗೆ ಅಡಗುತ್ತದೆ, ಅಂಗಿಗೆ ಸಿಕ್ಕುವುದಿಲ್ಲ.

ಥರ್ಮಲ್ ಕವರಿನಿಂದ ಹಾಳೆ ಉದುರಿದರೆ

ನಡುವಿನ ಹಾಳೆಗಳು ಮಾತ್ರ ಉದುರಿದರೆ ಅವು ಅಂಟಿಗೆ ತಾಗಿಯೇ ಇಲ್ಲ. ಹಾಳೆ ಬಡಿದು ಸಮ ಮಾಡಿಲ್ಲ, ಇಲ್ಲವೇ ಕವರಿನ ಬೆನ್ನು ಬೇಕಾದ್ದಕ್ಕಿಂತ ಅಗಲವಾಗಿದೆ. 3 ಮಿಮೀ ಬೆನ್ನಿಗೆ ಸುಮಾರು 30 ಹಾಳೆ ಅಂತ ಲೆಕ್ಕ ಇಟ್ಟುಕೊಳ್ಳಿ. ಎಲ್ಲ ಹಾಳೆಯೂ ಸಡಿಲವಾಗಿದ್ದರೆ ಮಷಿನ್ ಕಾಯುವ ಮೊದಲೇ ಇಟ್ಟಿದ್ದೀರಿ, ಅಥವಾ ಬಿಸಿ ಇರುವಾಗಲೇ ತೆರೆದು ನೋಡಿದ್ದೀರಿ. ಆ ಆತುರ ಎಲ್ಲರಿಗೂ ಇರುತ್ತದೆ, ಅಲ್ವಾ? ಅಂಟು ಆರುವವರೆಗೆ ಬೆನ್ನು ಕೆಳಗೆ ಮಾಡಿ ನಿಲ್ಲಿಸಿಡಿ. ಗ್ಲಾಸಿ ಹಾಳೆಗೆ ಈ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಫೋಟೋ ತುಂಬಿದ ಬ್ರೋಷರ್‌ಗೆ ಬೇರೆ ದಾರಿ ನೋಡಿ. ಇದರ ಒಂದು ಒಳ್ಳೆಯ ಗುಣ ಅಂದರೆ ಉದುರಿದ್ದನ್ನು ಮತ್ತೆ ಕೂರಿಸಿ, ಇನ್ನೊಂದು ಸಲ ಕಾಯಿಸಿ, ಬೆನ್ನನ್ನು ಮೇಜಿಗೆ ಮೆಲ್ಲಗೆ ಕುಟ್ಟಿದರೆ ಬಹುಪಾಲು ಸರಿಹೋಗುತ್ತದೆ. ನಡುವೆ ಕರೆಂಟ್ ಹೋದರೂ ಇದೇ ಉಪಾಯ.

ಅಕ್ಷರ ಬೈಂಡಿಂಗ್ ಒಳಗೆ ಹೋಯಿತು

ಇದು ಮಷಿನ್ ದೋಷ ಅಲ್ಲವೇ ಅಲ್ಲ, ಕಂಪ್ಯೂಟರ್ ಮುಂದೆ ಕೂತವರದ್ದು. ಎಡಗಡೆ ಕನಿಷ್ಠ 3 ಸೆಂಮೀ ಬಿಡಿ. ಎರಡೂ ಬದಿ ಪ್ರಿಂಟ್ ಆದರೆ ಮಾರ್ಜಿನ್ ಪುಟದಿಂದ ಪುಟಕ್ಕೆ ಬದಿ ಬದಲಾಗುವ ಹಾಗೆ ಮಿರರ್ ಮಾರ್ಜಿನ್ ಇಡಿ, ಇಲ್ಲದಿದ್ದರೆ ಹಿಂಬದಿಯ ಪುಟದಲ್ಲಿ ಬಲಗಡೆಯ ಅಕ್ಷರಕ್ಕೆ ತೂತು ಬೀಳುತ್ತದೆ. ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಿಂದ ತನ್ನಲ್ಲಿ ಸಲ್ಲಿಸುವ ಕಾಗದಪತ್ರಗಳಿಗೆ ಎ4 ಹಾಳೆ ನಿಗದಿ ಮಾಡಿತು. 75 ಜಿಎಸ್‌ಎಂಗೆ ಕಡಿಮೆ ಇರಬಾರದು, ಎರಡೂ ಬದಿ ಪ್ರಿಂಟ್, ಎಡಕ್ಕೂ ಬಲಕ್ಕೂ 4 ಸೆಂಮೀ ಮಾರ್ಜಿನ್. ಎರಡೂ ಕಡೆ ಅಷ್ಟು ಬಿಟ್ಟರೆ ಯಾವ ಬದಿಯಲ್ಲಿ ತೂತು ಬಿದ್ದರೂ ಅಕ್ಷರ ಉಳಿಯುತ್ತದೆ. ಅಷ್ಟು ಜಾಗ ಬಿಡಲು ಮನಸ್ಸಿಲ್ಲದಿದ್ದರೆ ಕನಿಷ್ಠ ಕಟ್ಟುವ ಬದಿಗಾದರೂ ಬಿಡಿ.

ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್ಟಿನ ಹಾಳೆ ತೇವ ಎಳೆದು ಅಲೆಅಲೆಯಾಗುತ್ತದೆ. ಲೇಸರ್ ಪ್ರಿಂಟರ್‌ನಿಂದ ಆಗ ತಾನೇ ಬಂದ ಹಾಳೆ ಬಿಸಿಗೆ ಬಾಗಿರುತ್ತದೆ. ಎರಡನ್ನೂ ಭಾರ ಹೇರಿ ಸ್ವಲ್ಪ ಹೊತ್ತು ಬಿಟ್ಟು ಪಂಚ್ ಮಾಡಿದರೆ ಅರ್ಧ ತೊಂದರೆ ಇರುವುದಿಲ್ಲ.

ಸ್ಟೇಪ್ಲರ್, ಟ್ಯಾಗ್

ಪಿನ್ ಡಬ್ಬದ ಮೇಲೆ 24/6 ಅಂತ ಇದ್ದರೆ ಮೊದಲನೆಯದು ತಂತಿಯ ಗೇಜು, ಎರಡನೆಯದು ಕಾಲಿನ ಉದ್ದ ಮಿಮೀನಲ್ಲಿ. ಕಾಲಿನಲ್ಲಿ 4 ಮಿಮೀ ಮಡಚಲಿಕ್ಕೇ ಹೋಗುತ್ತದೆ. ಉಳಿದ 2 ಮಿಮೀನಲ್ಲಿ ಹಿಡಿಯುವುದು ಇಪ್ಪತ್ತು ಹಾಳೆ, ಒತ್ತಿ ಹೊಡೆದರೆ ಸ್ವಲ್ಪ ಜಾಸ್ತಿ. 80 ಹಾಳೆಗೆ 23/13 ಪಿನ್ನು, ಅದಕ್ಕೆ ತಕ್ಕ ದೊಡ್ಡ ಸ್ಟೇಪ್ಲರ್ ಬೇಕು. ಪಿನ್ನಿನ ಕಾಲು ಒಳಕ್ಕೆ ಮಡಚದೆ ಹೊರಕ್ಕೆ ಚಾಚಿದರೆ ಕೆಳಗಿನ ತಗಡನ್ನು ಯಾರೋ ತಿರುಗಿಸಿದ್ದಾರೆ. ಅದನ್ನು ಒತ್ತಿ ತಿರುಗಿಸಿ ಮೊದಲಿನ ಹಾಗೆ ಮಾಡಿ.

ಫೈಲಿಗೆ ಟ್ಯಾಗ್ ಹಾಕುವಾಗ ತೂತು ಹೊಂದದಿದ್ದರೆ ಹಾಳೆಯ ನಡು ಗುರುತು ಮಾಡದೆ ಪಂಚ್ ಮಾಡಿದ್ದಾರೆ. ಎರಡು ತೂತಿನ ಪಂಚ್‌ನಲ್ಲಿ ನಡುವಿನಿಂದ ನಡುವಿಗೆ 80 ಮಿಮೀ, ಅದು ಅಂತರರಾಷ್ಟ್ರೀಯ ಅಳತೆ. ಹಾಳೆಯನ್ನು ಅರ್ಧಕ್ಕೆ ಮಡಚಿ ಅಂಚಿನಲ್ಲಿ ಸಣ್ಣ ಗೆರೆ ಮಾಡಿ, ಪಂಚ್‌ನ ಬಾಣದ ಗುರುತಿಗೆ ಹಿಡಿಯಿರಿ. ಪಂಚ್‌ಗೆ ಹಿಡಿಸದಷ್ಟು ದಪ್ಪ ಕಟ್ಟಾದರೆ ದಬ್ಬಳವೇ ಗತಿ. ಕೆಳಗೆ ಹಳೆಯ ರಬ್ಬರ್ ಚಪ್ಪಲಿ ಇಟ್ಟು ಚುಚ್ಚಿದರೆ ಮೇಜು ಉಳಿಯುತ್ತದೆ.

ಕಟ್ಟಿಯಾದ ಮೇಲೆ ಒಂದು ಪುಟ ಬಿಟ್ಟುಹೋಗಿದೆ ಅಂತ ಗೊತ್ತಾದರೆ, ಕೋಂಬ್ ಆದರೆ ಅದೇ ಮಷಿನ್‌ನ ಕೊಕ್ಕೆಗೆ ಸಿಕ್ಕಿಸಿ ತೆರೆದು ಪುಟ ಸೇರಿಸಬಹುದು. ಆಫೀಸಿಗೆ ನಾನು ಕೋಂಬ್ ಮಷಿನ್ನನ್ನೇ ಹೇಳುವುದು ಇದಕ್ಕೆ. ಸ್ಪೈರಲ್ ಆದರೆ ಮಡಚಿದ ಒಂದು ತುದಿ ಕತ್ತರಿಸಿ, ತಿರುಗಿಸಿ ಹೊರತೆಗೆಯಿರಿ. ಕತ್ತರಿಸಿದ ಸುರುಳಿ ಗಿಡ್ಡವಾಗಿ ತುದಿ ಮಡಚಲು ಸಿಗದೆ ಹೋದರೆ ಹೊಸದು ಹಾಕಿ. ವೈರೋಗೆ ಹೊಸ ವೈರೇ ಬೇಕು. ಥರ್ಮಲ್ ಆದರೆ ಮಷಿನ್ ಕಾಯಿಸಿ, ಕವರ್ ಇಟ್ಟು, ಅಂಟು ಕರಗಿದಾಗ ಪುಟ ಒಳಗೆ ಸೇರಿಸಿ, ಬೆನ್ನು ತಣ್ಣಗಾಗುವವರೆಗೆ ಅಲ್ಲಾಡಿಸದೆ ಬಿಡಿ.